ಮೂರು ನಿಮಿಷದಲ್ಲಿ ಹಿಡಿದ ಹಾಡು

ಮೇದಿನಿಯ ಮೊಬೈಲಿನಲ್ಲಿ ಒಂದು ಸ್ಕ್ರೀನ್ ರೆಕಾರ್ಡರ್ ಇತ್ತು. ಪರದೆಯ ಮೇಲೆ ಕಂಡದ್ದನ್ನೆಲ್ಲ, ಅಂದರೆ ವಿಡಿಯೊ ಕಾಲ್‌ಗಳನ್ನೂ, ಉಳಿಸಿಕೊಳ್ಳುವುದು ಅದರ ಕೆಲಸ. ಹೊಸ ಅಪ್‌ಡೇಟ್ ಬಂದು, ಒಂದು ಸಲಕ್ಕೆ ಮೂರೇ ನಿಮಿಷ ಎಂಬ ಮಿತಿ ಬಿತ್ತು.

"ಇವತ್ತು ಅಜ್ಜಿ ಕಾಲ್‌ನಲ್ಲಿ ರಾಗಿ ಬೀಸುವ ಪದ ಹಾಡುತ್ತಾರೆ. ಅದು ಬೇರೆ ಯಾರಿಗೂ ಬರುವುದಿಲ್ಲ. ಮೂರು ನಿಮಿಷದಲ್ಲಿ ಹೇಗೆ ಹಿಡಿಯಲಿ?" ಎಂದು ರೆಕಾರ್ಡರ್ ಪಕ್ಕದಲ್ಲಿದ್ದ ಹಳೆಯ ಕ್ಯಾಸೆಟ್ಟಿನ ಮುಂದೆ ಗೋಳಾಡಿತು.

"ಹೋದ ಸಲ ಮಿತಿ ಇರಲಿಲ್ಲವಲ್ಲ, ಹಿಡಿದೆಯಾ ತಮ್ಮಾ?" ಎಂದಿತು ಕ್ಯಾಸೆಟ್ಟು.

"ಇಲ್ಲಣ್ಣ. ಕೇಳಿಸ್ತಾ, ಕಾಣಿಸ್ತಾ ಎನ್ನುವುದರಲ್ಲೇ ಜಾಗ ತುಂಬಿ, ಹಾಡಿಗೆ ಮೊದಲೇ ನಿಂತುಹೋದೆ."

"ನಮ್ಮ ಕಾಲದಲ್ಲಿ ಫ್ಯಾನು ಆರಿಸಿ, ಎರಡು ಸಲ ಹಾಡಿ ನೋಡಿ, ಆಮೇಲೆ ಗುಂಡಿ ಒತ್ತುತ್ತಿದ್ದರು. ಟೇಪು ಮುಗಿದುಬಿಡುತ್ತದೆಂಬ ಭಯ. ಆ ಭಯವೇ ನನಗೆ ಸಿಕ್ಕ ಮರ್ಯಾದೆ."

ಕಾಲ್‌ನಲ್ಲಿ ಮೇದಿನಿ ಮಿತಿಯ ವಿಷಯ ಹೇಳಿದಾಗ ಅಜ್ಜಿ ನಕ್ಕರು. "ನಮ್ ಟೇಪಿನ ಹಾಗೇ ಆಯ್ತಲ್ಲೇ! ತಡಿ, ಗಂಟಲು ಸರಿ ಮಾಡ್ಕೋತೀನಿ." ಎರಡು ಸಲ ಹಾಡಿ ನೋಡಿ, "ಈಗ ಒತ್ತು" ಎಂದರು.

ಹಾಡು ಮುಗಿದಾಗ ಇನ್ನೂ ಹತ್ತು ಸೆಕೆಂಡು ಉಳಿದಿತ್ತು. ಅಷ್ಟು ಹೊತ್ತೂ ಅಜ್ಜಿ ಮೊಮ್ಮಗಳನ್ನೇ ನೋಡುತ್ತ ಕೂತರು. ರೆಕಾರ್ಡರ್ ಅದನ್ನೂ ಉಳಿಸಿಕೊಂಡಿತು.