ಓದೂರಿಗೆ ಆಟದ ರಂಗ ಕಟ್ಟಿದ ಬೊಪ್ಪ

“ಓದೂರಿನ ಮಕ್ಕಳಿಗೆ ಆಟದ ರಂಗ ಕಟ್ಟಬಲ್ಲವರು ಅರಮನೆಗೆ ಬರತಕ್ಕದ್ದು. ರಾಜಕುಮಾರಿ ಜಕ್ಕಲೆಯ ಮೂರು ಒಗಟು ಬಿಡಿಸಿದವರಿಗೆ ರಂಗದ ಕೆಲಸ, ಜೊತೆಗೆ ಕೇಳಿದ ಉಡುಗೊರೆ. ತಪ್ಪಿದವರಿಗೆ ಸೆರೆಮನೆ, ಹುಣ್ಣಿಮೆಯಂದು ತಲೆದಂಡ.”

ಅರಸ ಕೆಂಚರಾಯ ಹೀಗೆ ಡಂಗುರ ಹೊಡೆಸಿದ. ಓದೂರು ಪಾಠಶಾಲೆಗಳ ಊರು. ಹಿಂದೆ ಅರೆಬರೆ ಕಲಿತವನೊಬ್ಬ ಅಲ್ಲಿ ಕುಸ್ತಿ, ಓಟಗಳಿಗೆಂದು ಕಟ್ಟಿದ ರಂಗ ಕುಸಿದು ಎಷ್ಟೋ ಮಕ್ಕಳ ಕೈಕಾಲು ಮುರಿದಿತ್ತು. ಅರಸನ ಸಿಟ್ಟು ಇನ್ನೂ ಆರಿರಲಿಲ್ಲ.

ಹೆಸರಾಂತ ಶಿಲ್ಪಿಗಳಾದ ನಾಗೋಜ, ಬಮ್ಮೋಜ ಇಬ್ಬರೂ ಬಂದರು. ಒಬ್ಬೊಬ್ಬರನ್ನೇ ಒಳಗೆ ಕರೆದು ಕೇಳಿದರು. ನಾಗೋಜ ಮೊದಲ ಒಗಟಿಗೇ ತಪ್ಪಿದ. ಬಮ್ಮೋಜ ಎರಡು ಬಿಡಿಸಿ ಮೂರನೆಯದಕ್ಕೆ ಎಡವಿದ. ಇಬ್ಬರೂ ಸೆರೆಮನೆ ಸೇರಿದರು.

ಆಮೇಲೆ ಬಂದವನು ಬೊಪ್ಪ, ಶಿಲ್ಪಶಾಲೆಯಲ್ಲಿ ಇನ್ನೂ ಕಲಿಯುತ್ತಿದ್ದ ಬಡವರ ಹುಡುಗ.

“ಕಲಿಕೆ ಮುಗಿಸಿಕೊಂಡು ಬಾರಪ್ಪ, ಜೀವ ದೊಡ್ಡದು” ಎಂದ ಅರಸ.

“ಅಷ್ಟರಲ್ಲಿ ಮಕ್ಕಳು ದೊಡ್ಡವರಾಗಿಬಿಡುತ್ತಾರೆ, ಮಹಾಸ್ವಾಮಿ. ಈಗ ಬೀದಿಯಲ್ಲಿ ಗಾಡಿಗಳ ನಡುವೆ ಆಡುತ್ತಿದ್ದಾರೆ” ಎಂದ ಬೊಪ್ಪ.

ಜಕ್ಕಲೆ ಅವನನ್ನೇ ನೋಡುತ್ತ ಕೇಳಿದಳು. “ಸಾವಿರ ಜನ ಒಬ್ಬರ ಹಿಂದೊಬ್ಬರು ಕೂತಿದ್ದಾರೆ. ಯಾರೂ ತಲೆ ತಗ್ಗಿಸಿಲ್ಲ, ಯಾರ ನೋಟಕ್ಕೂ ಅಡ್ಡಿಯಿಲ್ಲ. ಎಲ್ಲಿ ಕೂತಿದ್ದಾರೆ?”

ನಾಗೋಜ ಇದಕ್ಕೆ ‘ಉಪ್ಪರಿಗೆಯಲ್ಲಿ’ ಎಂದಿದ್ದ.

“ಮೆಟ್ಟಿಲ ಮೇಲೆ, ಅಮ್ಮಣ್ಣಿ. ಹಿಂದೆ ಹೋದಷ್ಟೂ ಎತ್ತರ” ಎಂದ ಬೊಪ್ಪ.

“ಬೆಳಗ್ಗೆ ಒಬ್ಬನ ಪಕ್ಷ, ಸಂಜೆ ಅವನ ಎದುರಾಳಿಯ ಪಕ್ಷ. ಆಟ ಕೆಡಿಸುವ ಈ ಪಕ್ಷಪಾತಿ ಯಾರು?”

“ಸೂರ್ಯ. ಬೆಳಗ್ಗೆ ಒಬ್ಬನ ಕಣ್ಣು ಕುಕ್ಕುತ್ತಾನೆ, ಸಂಜೆ ಇನ್ನೊಬ್ಬನದು. ಅದಕ್ಕೇ ಅಂಗಳವನ್ನು ಉತ್ತರ-ದಕ್ಷಿಣವಾಗಿ ಹಾಕಬೇಕು.”

ಜಕ್ಕಲೆಯ ದನಿ ಮೆತ್ತಗಾಯಿತು. ಬಮ್ಮೋಜನಂಥವನನ್ನು ಕೆಡವಿದ ಒಗಟು ಮುಂದಿನದು. “ಇಬ್ಬರು ಎದುರಾಳಿಗಳಾಗಿ ಒಳಗೆ ಹೋದರು. ಒಬ್ಬ ಗೆದ್ದ, ಒಬ್ಬ ಸೋತ. ಗೆಳೆಯರಾಗಿ ಹೊರಗೆ ಬಂದರು. ಅವರು ಬಂದ ಬಾಗಿಲು ಎಂಥದು?”

ಬಮ್ಮೋಜ ‘ಗೆದ್ದವನಿಗೆ ಚಿನ್ನದ್ದು, ಸೋತವನಿಗೆ ಬೆಳ್ಳಿಯದು’ ಎಂದಿದ್ದ.

ಬೊಪ್ಪ ತಿರುಗಿ ತಾನು ಬಂದ ಬಾಗಿಲನ್ನು ನೋಡಿದ. ಕಾವಲಿನವರು ಒಂದು ಹೆಜ್ಜೆ ಮುಂದೆ ಬಂದರು.

“ಕುಸ್ತಿಯಲ್ಲಿ ನಾನು ಸೋತದ್ದೇ ಹೆಚ್ಚು” ಎಂದ ಅವನು. “ಸೋತು ಹಿಂಬಾಗಿಲಿನಿಂದ ಒಬ್ಬನೇ ಹೋದ ದಿನ ಊಟ ಸೇರುತ್ತಿರಲಿಲ್ಲ. ಗೆದ್ದವನು ಹೆಗಲ ಮೇಲೆ ಕೈ ಹಾಕಿದ ದಿನ ಸೋಲು ಮರೆತೇ ಹೋಗುತ್ತಿತ್ತು. ಆಟಗಾರರಿಗೆಲ್ಲ ಒಂದೇ ಬಾಗಿಲು ಇರಬೇಕು ಅಮ್ಮಣ್ಣಿ, ಇಬ್ಬರು ಜೊತೆಯಾಗಿ ಬರುವಷ್ಟು ಅಗಲ.”

ಜಕ್ಕಲೆ ತಂದೆಯ ಕಡೆ ತಿರುಗಿ ತಲೆಯಾಡಿಸಿದಳು. ಅವಳ ಕಣ್ಣು ತುಂಬಿತ್ತು.

“ಏನು ಬೇಕು ಕೇಳು” ಎಂದ ಅರಸ.

“ನಾಗೋಜರನ್ನೂ ಬಮ್ಮೋಜರನ್ನೂ ಬಿಟ್ಟುಬಿಡಿ. ಕಲ್ಲಿನ ಕೆಲಸದಲ್ಲಿ ಅವರಂಥವರಿಲ್ಲ. ಒಬ್ಬನೇ ಕಟ್ಟುವುದಕ್ಕೆ ನನಗೆ ಭಯ.”

ಅರಸ ಒಪ್ಪಿದ. ಹಿರಿಯರಿಬ್ಬರೂ ಬೊಪ್ಪನ ಜೊತೆ ನಿಂತು ಕೆಲಸ ಮಾಡಿದರು. ಜಕ್ಕಲೆ ನೋಡಲೆಂದು ಬಂದವಳು ದಿನವೂ ಬರತೊಡಗಿದಳು. ಕೊನೆಕೊನೆಗೆ ಬೊಪ್ಪ ಹಿಡಿದ ಅಳತೆಯ ಹಗ್ಗದ ಇನ್ನೊಂದು ತುದಿ ಯಾವಾಗಲೂ ಅವಳ ಕೈಯಲ್ಲೇ ಇರುತ್ತಿತ್ತು. ಇದನ್ನು ಕಂಡ ಅರಸ ಜೋಯಿಸರನ್ನು ರಂಗಕ್ಕೇ ಕರೆಸಿ, ಮದುವೆಗೆ ಯಾವ ಮುಹೂರ್ತ ಇಡಿಸಲಿ ಎಂದು ಇಬ್ಬರನ್ನೂ ಕೇಳಿದ.

ಬೊಪ್ಪ ಜಕ್ಕಲೆಯ ಮುಖ ನೋಡಿದ. ಅವಳು ಹೊಸ ಮೆಟ್ಟಿಲನ್ನು ಬೆರಳಿನಿಂದ ಒತ್ತಿ ನೋಡಿ ಹೇಳಿದಳು:

“ಗಾರೆ ಒಣಗಲಿ, ಅಪ್ಪಾಜಿ.”