ಎರಡು ಕಂಪ್ಯೂಟರು, ಒಂದು ಕುರ್ಚಿ

ಲಗ್ನಪತ್ರಿಕೆ ಅಚ್ಚು ಹಾಕುವ ಗುರುಸಿದ್ಧಯ್ಯನವರು ಪೂಜೆಯ ತಂಬಿಗೆ ಬೇರೆ, ಕುಡಿಯುವ ತಂಬಿಗೆ ಬೇರೆ ಎನ್ನುವವರು. ಹಾಗೆಯೇ ಇದ್ದ ಕಾಸಿನಲ್ಲಿ ಕೆಲಸಕ್ಕೊಂದು, ಆಟಕ್ಕೊಂದು ಕಂಪ್ಯೂಟರು ಜೋಡಿಸಿ, ಎರಡಕ್ಕೂ ವಿಭೂತಿ ಹಚ್ಚಿದರು. ಉಳಿದ ಚಿಲ್ಲರೆಗೆ ಗಾಲಿಯುಳ್ಳ ಕುರ್ಚಿ ಒಂದೇ ಬಂತು.

ಒಂದು ಮಧ್ಯಾಹ್ನ ಕೆಲಸದ ಕಂಪ್ಯೂಟರು ಮೊರೆಯಿಟ್ಟಿತು: "ಸ್ವಾಮೀ, ಸಂಜೆಗೆ ಹೆಣ್ಣಿನ ಕಡೆಯವರು ಪತ್ರಿಕೆಗೆ ಬರುತ್ತಾರೆ. ವರನ ಹೆಸರೇ ಇನ್ನೂ ಹಾಕಿಲ್ಲ."

"ನೀನು ಏಳುವುದೇ ನಿಧಾನವಪ್ಪಾ. ಅಷ್ಟರಲ್ಲಿ ಇದೊಂದು ಆಟ."

"ನಾನೆದ್ದು ಬಹಳ ಹೊತ್ತಾಯಿತು."

ಆಟದ ಕಂಪ್ಯೂಟರು ನಕ್ಕಿತು: "ನಾನೇನು ಕರೆದೆನೇ? ತಾವೇ ಉರುಳಿಕೊಂಡು ಬಂದಿರಿ."

ಅಯ್ಯನವರಿಗೆ ಜ್ಞಾನೋದಯವಾಯಿತು. "ಹೌದು, ತಪ್ಪೆಲ್ಲ ಈ ಕುರ್ಚಿಯದೇ!" ಎಂದು ಅದರ ಗಾಲಿಗಳನ್ನೆಲ್ಲ ಕಿತ್ತು, ಅಲ್ಲೇ, ಆಟದ ಕಂಪ್ಯೂಟರಿನ ಮುಂದೆಯೇ, ನೆಮ್ಮದಿಯಾಗಿ ಕುಳಿತರು.