ಎರಡನೇ ಪಂಕ್ತಿಯ ರೊಟ್ಟಿ

ಹೊಳೆಯ ದಂಡೆಯಲ್ಲಿ ಒಂದು ಆಶ್ರಮವಿತ್ತು. ಬೇರೆ ಆಶ್ರಮಗಳಲ್ಲಿ ವೇದ ಕಲಿಸುತ್ತಾರೆ, ಯೋಗ ಕಲಿಸುತ್ತಾರೆ. ಇಲ್ಲಿ ಸಂಗಮಯ್ಯ ಗುರುಗಳು ಬಿಸಿನೆಸ್ ಅನಾಲಿಸ್ಟ್ ಆಗುವುದನ್ನು ಕಲಿಸುತ್ತಿದ್ದರು.

ಒಂದು ವ್ಯವಹಾರದಲ್ಲಿ ಎಲ್ಲಿ ಗಂಟು ಬಿದ್ದಿದೆ, ಅದನ್ನು ಬಿಡಿಸಲು ನಿಜವಾಗಿ ಏನು ಬೇಕು ಎಂದು ಪತ್ತೆ ಮಾಡಿ, ಕೆಲಸ ಒಪ್ಪಿಸಿದವರಿಗೆ ಹೇಳುವ ವಿದ್ಯೆ ಅದು.

ಗುರುಗಳೆಂದರೆ ಅಂಥಿಂಥ ಗುರುಗಳಲ್ಲ. ಕಾರ್ಖಾನೆಯ ಗೇಟಿನ ಹೊರಗೆ ನಿಂತು ಒಮ್ಮೆ ಗಾಳಿ ಮೂಸಿದರೆ ಸಾಕು, ಒಳಗೆ ಯಾವ ಮೇಜಿನ ಮೇಲೆ ಫೈಲು ಕೊಳೆಯುತ್ತಿದೆ ಎಂದು ಹೇಳಿಬಿಡುತ್ತಿದ್ದರು. ಅವರು ಹೊರಟರಂತೆ ಎಂಬ ಸುದ್ದಿಗೇ ಎಷ್ಟೋ ಗಿರಣಿಗಳು ತಾವಾಗಿ ರಿಪೇರಿಯಾದವಂತೆ.

ಶಿಷ್ಯ ಇಂದುಧರನೇನು ಕಡಿಮೆಯೇ. ಯಾವ ಕೆಲಸ ಕಂಡರೂ ಚೌಕ ಹಾಕಿ, ಬಾಣ ಎಳೆದು, ನಕ್ಷೆ ಬರೆಯುತ್ತಿದ್ದ. ಒಮ್ಮೆ ಇರುವೆ ಸಾಲಿಗೂ ನಕ್ಷೆ ಬರೆದುಕೊಟ್ಟ. ಅದನ್ನು ನಂಬಿ ಹೊರಟ ಇರುವೆಗಳು ಇವತ್ತಿಗೂ ಗೂಡು ಹುಡುಕುತ್ತಿವೆ.

ಇಷ್ಟೆಲ್ಲ ಕಲಿತರೂ ಗುರುಗಳು ಅವನನ್ನು ಹೊರಗಿನ ಕೆಲಸಕ್ಕೆ ಕಳಿಸುತ್ತಿರಲಿಲ್ಲ. ಇಂದುಧರ ಕುದಿಯುತ್ತಿದ್ದ.

“ನನ್ನ ಹಿಂದೆ ಬಂದವರೂ ಕಲಿತು ಹೋದರು, ಗುರುಗಳೇ. ನನಗೇನು ಕಡಿಮೆಯಾಗಿದೆ?”

“ನೋಡೋಣ,” ಎಂದರು ಗುರುಗಳು. “ಊಟದ ಮನೆಯಲ್ಲಿ ಎರಡನೇ ಪಂಕ್ತಿಯವರು ದಿನಾ ಜಗಳ ತೆಗೆಯುತ್ತಾರೆ. ಅಲ್ಲಿ ಏನು ಬೇಕೋ ಪತ್ತೆ ಮಾಡಿ ಹೇಳು. ನೀನು ಹೇಳಿದ್ದನ್ನೇ ಮಾಡುತ್ತೇನೆ. ಜಗಳ ನಿಂತರೆ ನೀನು ಹೊರಡಬಹುದು.”

ಮೊದಲ ಪಂಕ್ತಿಯಲ್ಲಿ ಗುರುಗಳು, ಶಿಷ್ಯರು ಕೂರುತ್ತಿದ್ದರು. ಎರಡನೆಯದು ಹೊಳೆ ದಾಟಿ ಬಂದ ಗಾಡಿಯವರು, ಸಂತೆಯವರು, ದಾರಿಹೋಕರದು. ಅವರು ತಮ್ಮ ಸರದಿ ಬರುವವರೆಗೆ ಹೊರಗಿನ ಕಟ್ಟೆಯ ಮೇಲೆ ಕಾಯುತ್ತಿದ್ದರು.

ಇಂದುಧರ ಅದೇ ದಿನ ಕಟ್ಟೆಗೆ ಹೋಗಿ ಒಬ್ಬೊಬ್ಬರನ್ನೇ ಕೇಳಿದ. “ನಿಮಗೇನು ಬೇಕು?”

“ನಿಮ್ಮ ಅಡುಗೆಯಾಕಿನ್ನ ಬದಲಿಸ್ರಿ,” ಎಂದ ಗಾಡಿಯ ಗುಡದಪ್ಪ. ಅವನ ಮೀಸೆಯೇ ಸಿಟ್ಟಿಗೆ ನೆಟ್ಟಗೆ ನಿಂತಿತ್ತು. “ರೊಟ್ಟಿ ಅಂದ್ರ ರೊಟ್ಟಿ ಏನ್ರೀ ಅವು? ನನ್ನ ಚಪ್ಪಲಿಗೆ ಅಟ್ಟೆ ಹಚ್ಚಿಸ್ಬೇಕಿತ್ತು, ಒಂದು ಕಟ್ಟಿಕೊಡ್ರಿ.”

“ಪಲ್ಯದ ಮ್ಯಾಲೆ ಎಣ್ಣಿ ಹೆಪ್ಪುಗಟ್ಟಿರ್ತೈತಿ,” ಎಂದ ಇನ್ನೊಬ್ಬ. “ಎತ್ತಿಗೆ ಹಾಕಿದ್ರ ಎತ್ತು ನನ್ನನ್ನ ಒದಿತೈತಿ.”

ಕೇಳಿದವರೆಲ್ಲ ಅದನ್ನೇ ಹೇಳಿದರು. ಇಂದುಧರನಿಗೆ ಇಷ್ಟು ಸಲೀಸಾದ ಪರೀಕ್ಷೆ ಇಟ್ಟದ್ದಕ್ಕೇ ಗುರುಗಳ ಮೇಲೆ ಸಿಟ್ಟು ಬಂತು.

“ಅಡುಗೆಯವಳನ್ನು ಬದಲಿಸಬೇಕು,” ಎಂದು ಬಂದು ಹೇಳಿದ.

“ಸರಿ. ನೀನೇ ಹೋಗಿ ಅವಳಿಗೆ ಹೇಳು.”

ಅಡುಗೆಮನೆಯಲ್ಲಿ ಕೊಟ್ರವ್ವ ಹೆಂಚಿನ ಮುಂದೆ ಕೂತಿದ್ದಳು. ಗಂಡ ಹೋದ ಮೇಲೆ ಅವಳಿಗೆ ಇದ್ದದ್ದು ಈ ಒಲೆ ಒಂದೇ. ಇಂದುಧರ ಬಾಗಿಲಲ್ಲೇ ನಿಂತು ಹೇಳಿ ಮುಗಿಸಿದ.

ಅವಳು ಬಡಿಯುತ್ತಿದ್ದ ಕೈ ನಿಲ್ಲಿಸಲಿಲ್ಲ. “ಎಲ್ಲಾರನ್ನೂ ಕೇಳಿದ್ಯಾ, ತಮ್ಮಾ?”

“ಎಲ್ಲರನ್ನೂ ಕೇಳಿದೆ.”

“ನನ್ನ ಕೇಳಿದ್ಯಾ?”

“ಈಗ ಕೇಳೋಕೇ ಬಂದಿದ್ದೀನಿ, ಕೊಟ್ರವ್ವ.”

“ಸುಳ್ಳು ಹೇಳಬ್ಯಾಡ. ಹೋಗು ಅನ್ನಾಕ ಬಂದೀ. ಕೈ ಚಾಚು.”

ಚಾಚಿದ. ಅವಳು ಹೆಂಚಿನ ಮೇಲಿದ್ದ ರೊಟ್ಟಿ ಎತ್ತಿ ಅಂಗೈ ಮೇಲೆ ಇಟ್ಟಳು. ಇಂದುಧರ ನೆಗೆದ ನೆಗೆತಕ್ಕೆ ಗೂಟಕ್ಕೆ ತೂಗಹಾಕಿದ್ದ ಬೆಳ್ಳುಳ್ಳಿ ಗೊಂಚಲು ಅವನ ಕೊರಳಿಗೆ ಬಿತ್ತು.

“ಹೆಂಗೈತಿ?”

“ಬಿಸಿ ಐತವ್ವ,” ಎಂದ, ಅಂಗೈಗೆ ಗಾಳಿ ಊದುತ್ತ.

“ಇಲ್ಲಿಂದ ಹಿಂಗ ಹೋಗ್ತಾವು. ಆ ಹೊಸ್ತಿಲ ದಾಟಿದ ಮ್ಯಾಲೆ ಏನಾಗ್ತಾವೋ ನನಗ ಕಾಣಂಗಿಲ್ಲ. ಒಲಿ ಬಿಟ್ಟು ಕತ್ತೆತ್ತಿದ್ರ ರೊಟ್ಟಿ ಹತ್ತಿ ಹೋಗ್ತಾವು. ನಾಳಿ ಊಟಕ್ಕ ಹಾಕಿ ಹೊಂಟು ಹೋಗ್ತೀನಿ. ನೀ ನಡಿ ಇಲ್ಲಿಂದ, ನಿನ್ನ ಮಾರಿ ನೋಡಿದ್ರ ಹಿಟ್ಟು ಹುಳಿಯಾಗ್ತೈತಿ.”

ಇಂದುಧರ ಗುರುಗಳ ಬಳಿಗೆ ಓಡಿದ. “ರೊಟ್ಟಿ ಬಿಸಿಯಾಗಿಯೇ ಇದೆ, ಗುರುಗಳೇ. ನಾನು ಹೇಳಿದ್ದು ತಪ್ಪು ಅನಿಸುತ್ತದೆ.”

“ಹಾಗಾದರೆ ಸರಿಯಾದದ್ದು ಯಾವುದು?”

“ಗೊತ್ತಿಲ್ಲ.”

“ಗೊತ್ತಾಗುವವರೆಗೆ ನೀನು ಹೇಳಿದ್ದೇ ನಡೆಯುತ್ತದೆ. ನಾಳೆ ಊಟವಾದ ಮೇಲೆ ಅವಳು ಹೊರಡುತ್ತಾಳೆ.”

ಇಂದುಧರ ಹಲ್ಲು ಕಡಿದ. ಆ ಸದ್ದಿಗೆ ಹೊಳೆಯಾಚೆಯ ಕೊಕ್ಕರೆಗಳು ಎದ್ದವು ಎಂದು ಹೇಳುವವರಿದ್ದಾರೆ.

ಮರುದಿನ ಅವನು ಪಂಕ್ತಿಯಲ್ಲಿ ಕೂರಲಿಲ್ಲ. ಗುರುಗಳ ಪಕ್ಕದ ತನ್ನ ಎಲೆ ಬಿಟ್ಟು, ಅಡುಗೆಮನೆಯ ಹೊಸ್ತಿಲ ಬಳಿ ಗೋಡೆಗೆ ಒರಗಿ ನಿಂತ. ಯಾರನ್ನೂ ಏನೂ ಕೇಳಲಿಲ್ಲ.

ಮೊದಲ ಪಂಕ್ತಿಗೆ ಬಡಿಸಿದರು. ಶಿಷ್ಯರು ಗಬಗಬ ಉಂಡರು. ಇತ್ತ ಎರಡನೇ ಪಂಕ್ತಿಯ ರೊಟ್ಟಿಗಳು ಬುಟ್ಟಿ ತುಂಬಿ ಹೊಸ್ತಿಲಿಗೆ ಬಂದವು. ಬುಟ್ಟಿಯ ಮೇಲೆ ಹಬೆಯಾಡುತ್ತಿತ್ತು.

ಶಿಷ್ಯರ ಎಲೆಗಳು ಬರಿದಾದವು. ಯಾರೂ ಏಳಲಿಲ್ಲ. ಎಂಜಲು ಕೈ ಮೊಣಕಾಲ ಮೇಲಿಟ್ಟುಕೊಂಡು ಕೂತರು. ಅನ್ನ ಬೆರಳಿಗೆ ಒಣಗಿ ಅಂಟಿತು.

ಗುರುಗಳು ಇನ್ನೂ ಉಣ್ಣುತ್ತಿದ್ದರು.

ಒಂದು ಚೂರು ಮುರಿಯುವುದು, ಅದನ್ನು ಪಲ್ಯದ ಹತ್ತಿರ ಒಯ್ಯುವುದು, ಅಲ್ಲೇ ನಿಲ್ಲಿಸಿ ಒಂದು ಕಥೆ ಹೇಳುವುದು. ಆವತ್ತಿನ ಕಥೆ ಒಂದು ನೂಲಿನ ಗಿರಣಿಯದು. ಅಲ್ಲಿ ಕೆಲಸದವರು ಸುಮ್ಮನೆ ಕಾಯುವುದನ್ನು ತಾವು ತಪ್ಪಿಸಿದ ಬಗೆಯನ್ನು ಗುರುಗಳು ವಿಸ್ತಾರವಾಗಿ ಹೇಳುತ್ತಿದ್ದರು. ಶಿಷ್ಯರು ತಲೆದೂಗುತ್ತಿದ್ದರು.

ಗುರುಗಳು ಏಳುವ ಮೊದಲು ಪಂಕ್ತಿಯಲ್ಲಿ ಯಾರೂ ಏಳುವ ಹಾಗಿಲ್ಲ. ಅದು ಆಶ್ರಮ ಕಟ್ಟಿದಂದಿನಿಂದ ಬಂದ ಮರ್ಯಾದೆ.

ಬುಟ್ಟಿಯ ಹಬೆ ನಿಂತಿತು. ಇಂದುಧರ ಮೇಲಿನ ರೊಟ್ಟಿ ಮುಟ್ಟಿ ನೋಡಿದ. ತಣ್ಣಗಿತ್ತು.

ಇಷ್ಟು ಕಾಲ ಅವನೂ ಗುರುಗಳ ಪಕ್ಕದಲ್ಲೇ ಒಣಗಿದ ಕೈ ಹಿಡಿದು ಕೂತಿದ್ದ. ಅವನೂ ತಲೆದೂಗಿದ್ದ.

ಹೊರಗೆ ಗುಡದಪ್ಪ ಕಟ್ಟೆ ಗುದ್ದಿದ. “ಆಕಿ ಇನ್ನೂ ಜ್ವಾಳ ಬಿತ್ತಾಕ ಹತ್ತ್ಯಾಳೇನ್ರೀ?”

ಒಳಗೆ ಕೊಟ್ರವ್ವ ಸೀರೆಗಳನ್ನು ಗಂಟು ಕಟ್ಟುತ್ತಿದ್ದಳು.

ಗುರುಗಳು ಕಥೆಯ ನಡುವೆ ಕತ್ತು ತಿರುಗಿಸಿದರು. “ಏನಾದರೂ ಕಂಡಿತೇ, ಇಂದುಧರ?”

ಪಂಕ್ತಿ ಅವನತ್ತ ನೋಡಿತು. ಈಗ ಕಂಡದ್ದನ್ನು ಹೇಳಿದರೆ ತಾನು ಈ ಜನ್ಮದಲ್ಲಿ ಆಶ್ರಮದಿಂದ ಹೊರಬೀಳುವುದಿಲ್ಲ ಎಂದು ಅವನಿಗೆ ಅನಿಸಿತು.

“ಜಾಗ ಸಾಲದು, ಗುರುಗಳೇ,” ಎಂದ. “ಊಟದ ಮನೆ ದೊಡ್ಡದು ಮಾಡಬೇಕು.”

“ಒಳ್ಳೆಯದು, ಕಟ್ಟಿಸೋಣ. ಅಲ್ಲಿಯವರೆಗೆ ಜಗಳವಂತೂ ನಿಲ್ಲಬೇಕಲ್ಲ. ಕೊಟ್ರವ್ವ ಹೊರಡಲಿ.”

ಗುರುಗಳು ಇನ್ನೊಂದು ಚೂರು ಮುರಿದು, ಪಲ್ಯದ ಹತ್ತಿರ ಒಯ್ದು, ನಿಲ್ಲಿಸಿದರು. “ಹಾಂ, ಆ ಗಿರಣಿಯಲ್ಲಿ ಏನಾಯಿತೆಂದರೆ...”

ಇಂದುಧರ ಬುಟ್ಟಿ ಎತ್ತಿ ತಂದು ಗುರುಗಳ ಎಲೆಯ ಮುಂದೆ ಕುಕ್ಕಿದ.

“ಅವಳು ಯಾಕೆ ಹೋಗಬೇಕು?” ಅವನ ದನಿ ಹೊಳೆಯವರೆಗೆ ಕೇಳಿತು. “ಮುಟ್ಟಿ ನೋಡಿ. ಅವಳು ಬಿಸಿಯಾಗಿ ಕಳಿಸಿದ್ದನ್ನು ಇಲ್ಲಿ ಕೂತು ಆರಿಸುತ್ತಿರುವುದು ನೀವು. ನೀವು ಏಳುವುದಿಲ್ಲ, ನಮ್ಮನ್ನು ಏಳಗೊಡುವುದಿಲ್ಲ. ಹೊರಗಿನವರು ಹಸಿದು ಅವಳನ್ನು ಬೈಯುತ್ತಾರೆ, ನೀವು ಕಾಯುವುದನ್ನು ತಪ್ಪಿಸಿದ ಕಥೆ ಹೇಳುತ್ತೀರಿ. ಕಳಿಸುವುದಾದರೆ ನಿಮ್ಮ ಕಥೆಯನ್ನು ಕಳಿಸಿ.”

ಗುರುಗಳ ಮುಖ ಕೆಂಪಾಯಿತು. ಕೈಯಲ್ಲಿದ್ದ ಚೂರನ್ನು ನೋಡಿದರು. ಅದನ್ನು ಎಲೆಯ ಮೇಲೆ ಇಟ್ಟು, ಅರ್ಧ ಊಟ ಬಿಟ್ಟು, ಎದ್ದರು.

ಅವರು ಎದ್ದದ್ದೇ ತಡ, ಶಿಷ್ಯರೆಲ್ಲ ಎದ್ದರು. ಎಲೆ ತೆಗೆದರು, ನೆಲ ಒರೆಸಿದರು, ಕಟ್ಟೆಯವರು ಒಳಗೆ ನುಗ್ಗಿದರು. ಕೊಟ್ರವ್ವ ಗಂಟು ಬದಿಗಿಟ್ಟು ಮತ್ತೆ ಹೆಂಚು ಇಟ್ಟಳು; ಅದರ ಮೇಲಿನ ರೊಟ್ಟಿ ನೇರವಾಗಿ ಗುಡದಪ್ಪನ ಎಲೆಗೆ ಬಿತ್ತು. ಅವನು ಮುರಿದ, ಬಾಯಿಗೆ ಹಾಕಿದ, ನಾಲಿಗೆ ಸುಟ್ಟುಕೊಂಡ. ಇನ್ನೊಂದಕ್ಕೆ ಕೈ ಚಾಚಿದ.

“ಒಬ್ಬೊಬ್ರಾಗಿ ತಿನ್ರೀ, ಹೆಂಚು ಒಂದೇ ಐತಿ,” ಎಂದು ಒಳಗಿನಿಂದ ಕೊಟ್ರವ್ವ ಗದರಿದಳು.

ಗುರುಗಳು ಹೊಳೆಗಿಳಿದು ಕೈ ತೊಳೆಯುತ್ತಿದ್ದರು. ಇಂದುಧರ ಹಿಂದೆ ಬಂದು ನಿಂತ.

“ಯಾರು ಹೇಳಿಕೊಟ್ಟರು?” ಗುರುಗಳ ದನಿ ಗಡುಸಾಗಿತ್ತು.

“ಯಾರೂ ಇಲ್ಲ. ನಿಂತು ನೋಡಿದೆ.”

ಗುರುಗಳು ಬಾಯಿ ಮುಕ್ಕಳಿಸಿದರು. ಶಲ್ಯದಲ್ಲಿ ನಿಧಾನವಾಗಿ ಮುಖ ಒರೆಸಿಕೊಂಡರು. ಮೆಟ್ಟಿಲ ಮೇಲೆ ಕೂತು, ಪಕ್ಕದ ಜಾಗ ತೋರಿಸಿದರು.

“ಕೂರು. ಈಗ ಅದನ್ನೇ ಇನ್ನೊಂದು ಸಲ ಹೇಳು, ಸಿಟ್ಟಿಲ್ಲದೆ.”